ಹಾಮ್ಶಿಕ್ ನಾಪೋಲಿಯವನು, ಎಬಿಡಿ ನಮ್ಮವನು

ಸ್ಲೊವಾಕಿಯಾದ ಬ್ರಾಟಿಸ್ಲಾವಾಕ್ಕೆ ಬಂದ್ಮೇಲೆ ನಂಗೆ ತುಂಬಾ ದಿನ ತಲೆಗೆ ಹತ್ತದೇ ಇದ್ದಿದ್ದು ಅಂದ್ರೆ, ಈ ಜನ ತಮ್ಮ ಫುಟ್‌ಬಾಲ್ ಆಟಗಾರ ಮಾರೆಕ್ ಹಾಮ್ಶಿಕ್ ವಿಷ್ಯದಲ್ಲಿ ಯಾಕಿಷ್ಟು ತಣ್ಣಗಿರ್ತಾರೆ ಅಂತ. ದೇಶಕ್ಕೆ 138 ಮ್ಯಾಚು, 26 ಗೋಲು, ಎರಡೂ ರೆಕಾರ್ಡು, 2010ರ ವರ್ಲ್ಡ್ ಕಪ್ಪಲ್ಲಿ ಇಟಲಿನ 3-2ರಲ್ಲಿ ಮನೆಗೆ ಕಳ್ಸಿದ ಟೀಮಿನ ಕ್ಯಾಪ್ಟನ್ನು. ನಮ್ಮಲ್ಲಾಗಿದ್ರೆ ಆಟೋ ಹಿಂದೆ ಫೋಟೋ, ಹುಟ್ಟಿದಬ್ಬಕ್ಕೆ ಫ್ಲೆಕ್ಸು, ಕಟೌಟಿಗೆ ಹಾಲು. ಇಲ್ಲಿ ಆಫೀಸಲ್ಲಿ ಕೇಳಿದ್ರೆ "ಹೂಂ, ಚೆನ್ನಾಗಾಡ್ತಿದ್ದ, ಒಳ್ಳೇ ಮನುಷ್ಯ" ಅಂದು ಐಸ್ ಹಾಕಿ ಮಾತಿಗೆ ಹೋಗ್ಬಿಡ್ತಾರೆ.

ಆದ್ರೆ ಆನ್‌ಲೈನಲ್ಲಿ ನೋಡಿ, 2023ರಲ್ಲಿ ಬೂಟು ಬಿಚ್ಚಿಟ್ಟ ಆಸಾಮಿ, ಇವತ್ತಿಗೂ ಒಂದು ಫೋಟೋ ಹಾಕಿದ್ರೆ ಸಾಕು ಅವ್ನು ಆಡಿದ್ದ ಇಟಲಿಯ ನಾಪೋಲಿ ಕ್ಲಬ್ಬಿನೋರು ನೀಲಿ ಹಾರ್ಟ್ ಹಿಡ್ಕೊಂಡು "ಕಾಪಿತಾನೋ" (ಕ್ಯಾಪ್ಟನ್) ಅಂತ ಬರ್ತಾರೆ, ಅವ್ರ ಹಿಂದೆನೇ ಟರ್ಕಿಯಿಂದ ಟ್ರಾಬ್ಜೋನ್ ಜನ, ಬರೀ 61 ಅಂತ ಹಾಕೋರೂ ಇದಾರೆ, ಅದು ಅವ್ರೂರಿನ ಗಾಡಿ ನಂಬರು ಅಷ್ಟೇ. ಟ್ರಾಬ್ಜೋನೋರ ಪ್ರೀತಿಗೆ ಕಾರಣ ಸುಲಭ, 38 ವರ್ಷ ಲೀಗ್ ಗೆಲ್ದೇ ಇದ್ದ ಟೀಮು 2022ರಲ್ಲಿ ಇವನಿದ್ದಾಗ ಗೆಲ್ತು.

ನಾಪೋಲಿದು ಹಂಗಲ್ಲ. ಅದನ್ನ ಆರ್‌ಸಿಬಿ ಫ್ಯಾನಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. 2007ರಲ್ಲಿ ಮೊಹಾಕ್ ಕಟಿಂಗ್ ಮಾಡಿಸ್ಕೊಂಡು ಬಂದ ಹುಡುಗ 2019ರ ತನಕ ಅಲ್ಲೇ ಇದ್ದ, ದೊಡ್ಡ ಕ್ಲಬ್‌ಗಳು ಕರೆದ್ರೂ ಹೋಗ್ಲಿಲ್ಲ, 2012ರಲ್ಲಿ ಇಟಲಿ ಕಪ್ ಗೆದ್ದಾಗ ಮಾತು ಕೊಟ್ಟಂಗೆ ಆ ಮೊಹಾಕ್ ಬೋಳಿಸ್ಕೊಂಡ, 2017ರಲ್ಲಿ ಮರಡೋನಾನ 115 ಗೋಲಿನ ರೆಕಾರ್ಡೂ ದಾಟಿದ, ಆದ್ರೆ ಲೀಗ್ ಮಾತ್ರ ಗೆಲ್ಲಲೇ ಇಲ್ಲ. ನಾಪೋಲಿ ಅದನ್ನ ಗೆದ್ದಿದ್ದು 2023ರಲ್ಲಿ, ಇವನು ಬಿಟ್ಟು ನಾಲ್ಕು ವರ್ಷ ಆದ್ಮೇಲೆ. ನಮ್ಮ ಎಬಿಡಿ (ಎಬಿ ಡಿವಿಲಿಯರ್ಸ್) ಕಥೆನೂ ಇದೇ ಅಲ್ವಾ, 2011ರಿಂದ 2021ರ ತನಕ ನಮ್ಗೆ ಆಡಿ ಕಪ್ ಇಲ್ದೇ ಹೋದ, 2025ರಲ್ಲಿ ಗೆದ್ದಾಗ ಅಹಮದಾಬಾದ್ ಗ್ರೌಂಡಲ್ಲಿ ಕೊಹ್ಲಿ ಪಕ್ಕ ನಿಂತಿದ್ದ. ಮಜಾ ಏನಪ್ಪಾ ಅಂದ್ರೆ ಇಬ್ರ ಜೆರ್ಸಿನೂ 17. ಆರ್‌ಸಿಬಿ ಆ ನಂಬರನ್ನ ಇನ್ಯಾರಿಗೂ ಕೊಡದಂಗೆ 2023ರಲ್ಲಿ ರಿಟೈರ್ ಮಾಡ್ತು, ನಾಪೋಲಿ ಮರಡೋನಾನ 10 ಮಾತ್ರ ಎತ್ತಿಟ್ಟು 17ನ್ನ ಒಲಿವೇರಾ ಅನ್ನೋ ಆಟಗಾರನಿಗೆ ಕೊಡ್ತು. ನಂಗೆ ನಾಪೋಲಿ ಮಾಡಿದ್ದೇ ಸರಿ ಅನ್ಸುತ್ತೆ, ಬೈಬೇಡ್ರಪ್ಪ.

ಇನ್ನೊಂದು ವ್ಯತ್ಯಾಸ ಇದೆ. ನಮ್ಮ ಕ್ರಿಕೆಟ್ಟಲ್ಲಿ ರಿಟೈರ್ ಆದೋರು ಬಾಯಿ ಮುಚ್ಚಲ್ಲ, ಕಾಮೆಂಟರಿ, ಯೂಟ್ಯೂಬು, ದಿನಕ್ಕೊಂದು ಅಭಿಪ್ರಾಯ. ಪಾಪ ಎಬಿಡಿನೇ 2024ರಲ್ಲಿ ಕೊಹ್ಲಿ ಮನೆಗೆ ಎರಡನೇ ಮಗು ಬರ್ತಿದೆ ಅಂತ ಚಾನೆಲ್ಲಲ್ಲಿ ಹೇಳಿ, ಆಮೇಲೆ ತಪ್ಪಾಯ್ತು ಅಂದು, ಅದಾಗಿ ಸ್ವಲ್ಪ ದಿನಕ್ಕೆ ಮಗು ನಿಜವಾಗ್ಲೂ ಹುಟ್ಟಿ, ನಗೆಪಾಟಲಾಗಿತ್ತು. ಹಾಮ್ಶಿಕ್ ಆಡೋ ಕಾಲದಲ್ಲೇ ಮಾತು ಕಮ್ಮಿ, ಈಗ್ಲೂ ಊರು ಬಾನ್ಸ್ಕಾ ಬಿಸ್ತ್ರಿತ್ಸಾದಲ್ಲಿ ಮಕ್ಕಳ ಫುಟ್‌ಬಾಲ್ ಅಕಾಡೆಮಿ, 2024ರ ಯೂರೋ ಕಪ್ಪಿಗೆ ದೇಶದ ಕೋಚ್‌ಗಳ ಜೊತೆ ಸ್ವಲ್ಪ ಕೆಲ್ಸ, ಅಷ್ಟೇ. ಬೈಯೋಕೆ ಏನೂ ಸಿಗದೇ ಇರೋದ್ರಿಂದ ಜನ ಹಳೇ ಗೋಲಿನ ವಿಡಿಯೋನೇ ತಿರ್ಗಾ ಮುರ್ಗಾ ಹಂಚ್ಕೊಂಡು ಖುಷಿ ಪಡ್ತಾರೆ. ಸ್ಲೊವಾಕ್ ಜನ ಆ ವಿಡಿಯೋಗಳಿಗೆ ಲೈಕ್ ಒತ್ತಿ ಸುಮ್ನಾಗ್ತಾರೆ, ನಂಗೆ ಮಾತ್ರ ಇನ್ನೂ ಆ ಅಭ್ಯಾಸ ಬಂದಿಲ್ಲ, ಪ್ರತಿ ಸಲ ಹೋಗಿ ಕೆಂಪು ಹಾರ್ಟ್ ಹಾಕ್ತೀನಿ, ನಾಪೋಲಿಯೋರು ಇವ್ನ್ಯಾರಪ್ಪ ಅಂದ್ಕೊಂಡ್ರೆ ಅಂದ್ಕೊಳ್ಲಿ.