ಎಡಗಡೆ ಲೇನ್ ಖಾಲಿ ಎಲ್ಲಿದೆ ಸಾರ್?

ಲಾರಿ, ಟ್ಯಾಂಕರ್‌ನೋರು ಎಡಗಡೆ ಲೇನ್ ಬಿಟ್ಟು ಬರಬಾರ್ದು, ಫೈನ್ ಜಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ಬರ್ದಿದೀರಲ್ಲ, ಒಪ್ಪೋಣ, ಆದ್ರೆ ಬೆಂಗಳೂರಲ್ಲಿ ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆ ದಿನಾ ಬೈಕಲ್ಲಿ ಹೋಗೋನು ನಾನು, ಆ ಎಡಗಡೆ ಲೇನ್ ಹೆಂಗಿರುತ್ತೆ ಹೇಳ್ತೀನಿ ಕೇಳಿ. ಸರ್ವಿಸ್ ರೋಡಿಂದ ಕ್ಯಾಬ್ ಸಡನ್ನಾಗಿ ನುಗ್ಗುತ್ತೆ, ಬಸ್ಸು ಸ್ಟಾಪಿಗೆ ಅಂತ ಅಡ್ಡ ಬರುತ್ತೆ, ಅದರ ಹಿಂದೆ ಆಟೋದೋನು ಇಂಡಿಕೇಟರ್ ಬದ್ಲು ಕಾಲು ಆಚೆ ಹಾಕಿ ತಿರುಗಿಸ್ತಾನೆ. ಇದೆಲ್ಲ ಬೇಡಪ್ಪಾ ಅಂತ ನೀರಿನ ಟ್ಯಾಂಕರ್ ನೆಟ್ಟಗೆ ಬಲತುದಿ ಲೇನ್ ಹಿಡಿದು 40ರ ಸ್ಪೀಡಲ್ಲಿ ಹೋಗುತ್ತೆ, ಹಿಂದಿನ ಕಾರುಗಳೆಲ್ಲ ಎಡಗಡೆಯಿಂದ ಓವರ್‌ಟೇಕು, ಮಧ್ಯದಲ್ಲಿ ನಮ್ಮನ್ನ ದೇವ್ರೇ ಕಾಪಾಡ್ಬೇಕು. ಮೊನ್ನೆ ಹಿಂಗೇ ಟ್ಯಾಂಕರ್ ಹಿಂದೆ ಸಿಕ್ಕಾಕೊಂಡೆ, ಮೇಲಿಂದ ತುಳುಕಿದ ನೀರು ಹೆಲ್ಮೆಟ್ ಗ್ಲಾಸ್ ಮೇಲೆಲ್ಲ, ಒರೆಸ್ಕೊಳೋ ಅಷ್ಟ್ರಲ್ಲಿ ಎಡಗಡೆ ಬಂದ ಕಾರೊಂದು ನನ್ನ ಮಿರರ್‌ಗೆ ತಾಗಿ ಒಳಗಡೆ ಮಡಚಿಬಿಟ್ಟು ಹೋಯ್ತು, ತಿರುಗಿ ಕೂಡ ನೋಡ್ಲಿಲ್ಲ ಪುಣ್ಯಾತ್ಮ.

ಮೊದ್ಲು ಆ ಸರ್ವಿಸ್ ರೋಡ್ ಬಂದು ಸೇರೋ ಜಾಗಗಳನ್ನ ಸರಿಮಾಡ್ಲಿ, ಟ್ಯಾಂಕರ್‌ನೋನಿಗೆ ಆಮೇಲೆ ಬೈಯೋಣ. ಮೈಸೂರು ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡ್ತಿಲ್ಲ, ಅಲ್ಲಿ ಪಕ್ಕದಲ್ಲೇ ಸರ್ವಿಸ್ ರೋಡ್ ಇದೆ, ಸರಿ. ಊರೊಳಗೆ ನಮ್ಮನ್ನ ಎಲ್ಲಿಗೆ ಕಳಿಸ್ತೀರ? ಔಟರ್ ರಿಂಗ್ ರೋಡಲ್ಲಿ 2019ರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್.ಪುರದವರೆಗೆ ಬಸ್ಸಿಗೆ ಅಂತಾನೇ ಲೇನ್ ಮಾಡಿ ಕಂಬ ನೆಟ್ಟಿದ್ರು, ಬೈದ್ಕೊಂಡಿದ್ದೋರಲ್ಲಿ ನಾನೂ ಒಬ್ಬ, ಆದ್ರೆ ಬಸ್ಸಲ್ಲಿ ಕೂತ ದಿನ ಮಾತ್ರ ಮಜಾ ಇತ್ತು. ಆಮೇಲೆ ಮೆಟ್ರೋ ಕೆಲ್ಸ ಬಂತು, ಕಂಬಾನೂ ಹೋಯ್ತು ಲೇನೂ ಹೋಯ್ತು.