ಸುನಾಮಿಗೆ ಮಧ್ಯಮ, ಹೊಂಗೆ ಮರಕ್ಕೆ ಅತಿ ಹೆಚ್ಚು

ಕಳೆದ ತಿಂಗಳು ನಮ್ಮ ಊರಲ್ಲಿ ಒಂದು ಸಭೆ ನಡೆಯಿತು. ಕೋಲಾರ ಜಿಲ್ಲೆಯ ಯಾವ ಊರು ಅಂತ ಕೇಳಬೇಡಿ. ಹೇಳಿದರೆ ಮುಂದಿನ ಸಭೆಗೆ ನನ್ನನ್ನು ಕರೆಯುವುದಿಲ್ಲ. ಕರೆಯದಿದ್ದರೆ ಉದ್ದಿನ ವಡೆ ತಪ್ಪುತ್ತೆ. ಸಭೆಯ ಹೆಸರು ಬ್ಯಾನರಿನ ಒಂದು ಸಾಲಿಗೆ ಹಿಡಿಸದೆ ಎರಡನೇ ಸಾಲಿಗೆ ಇಳಿದಿತ್ತು: ‘ನಿರ್ಣಾಯಕ ಮೂಲಸೌಕರ್ಯ ವ್ಯವಸ್ಥೆಗಳ ಅಪಾಯ ಹಾಗೂ ದುರ್ಬಲತೆ ಮೌಲ್ಯಮಾಪನ ಕಾರ್ಯಾಗಾರ’. ಪಕ್ಕದಲ್ಲಿ ಕೂತಿದ್ದ ಟೊಮ್ಯಾಟೊ ಮಂಡಿಯ ಸಾಹುಕಾರರು ಎರಡು ಸಲ ಓದಿ, ‘ಏನು ಮೇಷ್ಟ್ರೇ ಇದು?’ ಅಂದರು.

‘ಕರೆಂಟು, ನೀರು, ಫೋನು, ರಸ್ತೆ, ಆಸ್ಪತ್ರೆ. ಇದರಲ್ಲಿ ಯಾವುದು ಯಾವಾಗ ಕೈ ಕೊಡುತ್ತೆ ಅಂತ ಮೊದಲೇ ಲೆಕ್ಕ ಹಾಕೋದು’ ಅಂದೆ.

‘ಅದಕ್ಕೆ ಲೆಕ್ಕ ಯಾಕೆ? ದಿನಾ ಕೊಡ್ತಾ ಇದೆಯಲ್ಲ.’

ನಾನು ರಿಟೈರ್ಡ್ ಮೇಷ್ಟ್ರು. ಸಭೆಯಲ್ಲಿ ಇಬ್ಬರು ‘ನಾಗರಿಕ ಪ್ರತಿನಿಧಿಗಳು’ ಇರಲೇಬೇಕು ಅಂತ ಮೇಲಿನಿಂದ ಸುತ್ತೋಲೆ ಬಂದಿತ್ತಂತೆ. ಸಾಹುಕಾರರ ಮಂಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ, ನನ್ನ ಸ್ಕೂಲನ್ನು ದೇವರು. ಹಾಗಾಗಿ ಬೆಳಗ್ಗೆ ಹತ್ತು ಗಂಟೆಗೆ ಬಿಡುವಾಗಿರುವ ನಾಗರಿಕರು ಅಂದರೆ ನಾವಿಬ್ಬರೇ.

ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟ್ ಹುಡುಗ ಬಂದಿದ್ದ. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಪರದೆ ಮೇಲೆ ಇಪ್ಪತ್ತೈದು ಚೌಕದ ಒಂದು ಪಟ್ಟಿ ಹಾಕಿದ. ಹಸಿರು, ಹಳದಿ, ಕೆಂಪು. ಒಂದು ಕಡೆ ‘ಆಗುವ ಸಂಭವ’, ಒಂದರಿಂದ ಐದು. ಇನ್ನೊಂದು ಕಡೆ ‘ಆದರೆ ಎಷ್ಟು ನಷ್ಟ’, ಅದೂ ಒಂದರಿಂದ ಐದು. ಎರಡನ್ನೂ ಗುಣಿಸಿದರೆ ಬರುವುದು ಅಪಾಯ. ಐದರ ಮಗ್ಗಿ ಬಂದರೆ ಸಾಕು. ಆದರೆ ಮಗ್ಗಿ ಅಂದರೆ ಟೆಂಡರ್ ಕರೆಯೋಕೆ ಆಗಲ್ಲ. ‘ರಿಸ್ಕ್ ಮ್ಯಾಟ್ರಿಕ್ಸ್’ ಅನ್ನಬೇಕು.

ಮೊದಲನೇ ಸಾಲಲ್ಲೇ ‘ಸುನಾಮಿ’ ಅಂತ ಇತ್ತು. ಎದುರಿಗೆ ‘ಮಧ್ಯಮ’.

ಸಾಹುಕಾರರು ಕನ್ನಡಕ ಒರೆಸಿಕೊಂಡರು. ನಾನು ಎದ್ದು ನಿಂತೆ. ‘ಸಾರ್, ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮಗಿಲ್ಲ. ಸುನಾಮಿ ಬಂದರೆ ನಾವು ಆರತಿ ಎತ್ತಿ ಬರಮಾಡಿಕೊಳ್ತೀವಿ.’ ಹುಡುಗ ನಾಚಿಕೊಂಡ. ಈ ಪಟ್ಟಿ ಮೊದಲು ಯಾವುದೋ ಕರಾವಳಿ ಊರಿಗೆ ಮಾಡಿದ್ದಂತೆ. ಆ ಸಾಲು ತೆಗೆಯೋಣ ಅಂದರೆ ಕೆಳಗಿನ ಫಾರ್ಮುಲಾ ಎಲ್ಲ ಎಡವಟ್ಟಾಗುತ್ತಂತೆ. ‘ಕಡಿಮೆ ಅಂತಾದರೂ ಹಾಕಿ’ ಅಂದೆ. ಮುಂದಿನ ಸಾಲಲ್ಲಿದ್ದ ಸಾಹೇಬರು ತಿರುಗಿ ನೋಡಿದರು. ‘ಮೇಷ್ಟ್ರೇ, ಕಡಿಮೆ ಅಂತ ಹಾಕಿ ನಾಳೆ ಬಂದುಬಿಟ್ಟರೆ ಯಾರು ಜವಾಬ್ದಾರಿ?’ ಮಧ್ಯಮವೇ ಉಳಿಯಿತು. ಸರ್ಕಾರಿ ಕಾಗದದಲ್ಲಿ ಮಧ್ಯಮ ಅಂದರೆ ಅಪಾಯದ ಅಳತೆ ಅಲ್ಲ, ಸಹಿ ಹಾಕುವವರ ಧೈರ್ಯದ ಅಳತೆ.

ಕೋತಿಯನ್ನು ಸೇರಿಸಿ ಅಂತ ಸಾಹುಕಾರರು ಕೇಳಿಕೊಂಡರು. ತಂತಿ ಮೇಲೆ ಕೋತಿ ಹಾರಿದರೆ ನಮ್ಮ ಬೀದಿಗೆ ಅರ್ಧ ದಿನ ಕರೆಂಟಿಲ್ಲ. ಕೋತಿ ಬೇರೆ ಇಲಾಖೆಗೆ ಬರುತ್ತೆ ಅಂತ ಉತ್ತರ ಬಂತು.

ಹಾಗಂತ ಇದೆಲ್ಲ ಕೆಲಸಕ್ಕೆ ಬಾರದ ವಿದ್ಯೆ ಅಂತ ನಾನು ಹೇಳುತ್ತಿಲ್ಲ. ಈ ವಿದ್ಯೆ ನಮ್ಮ ಜಿಲ್ಲೆಗೆ ಹಳೇದು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದಿದ್ದರು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಗಣಿಯ ಕರೆಂಟೂ ಇಳಿಯುತ್ತೆ ಅನ್ನುವುದು ಆಗಿನವರಿಗೆ ಬೇಗ ಗೊತ್ತಾಯಿತು. ಪಾತಾಳದಲ್ಲಿ ಜನ ಕೆಲಸ ಮಾಡುವಾಗ ಅದು ಆಟದ ಮಾತಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗುವುದಕ್ಕೆ ಕೊಟ್ಟ ಕಾರಣಗಳಲ್ಲಿ ಕೆಜಿಎಫ್ ಕರೆಂಟೂ ಒಂದು. ಯಾವುದು ಕೈ ಕೊಡುತ್ತೆ ಅಂತ ನೋಡಿದರು, ಕಟ್ಟೆ ಕಟ್ಟಿದರು. ನಾವೂ ನೋಡುತ್ತೇವೆ, ಬಣ್ಣ ಹಚ್ಚುತ್ತೇವೆ.

ಇನ್ನೂ ಒಂದು ಹೇಳಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರದ ಕಡೆ ಗ್ರಿಡ್ ಕುಸಿದು ಬಿತ್ತಲ್ಲ, ಎರಡನೇ ದಿನ 60 ಕೋಟಿಗೂ ಜಾಸ್ತಿ ಜನ ಕತ್ತಲಲ್ಲಿ ಕೂತರು. ದಕ್ಷಿಣಕ್ಕೆ ಏನೂ ಆಗಲಿಲ್ಲ. ನಮ್ಮ ಗ್ರಿಡ್ಡು ಆಗ ಅವರದರ ಜೊತೆ ಹೆಜ್ಜೆ ಹಾಕುತ್ತಿರಲಿಲ್ಲ. ನಡುವೆ ಇದ್ದ ದೊಡ್ಡ ಕೊಂಡಿಗಳಲ್ಲಿ ಒಂದು ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೇ ಬರುವ ಡಿಸಿ ಲೈನು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಲೈನು. ಡಿಸಿ ಆದ್ದರಿಂದ ಆಚೆಯ ಏರುಪೇರು ಈಚೆಗೆ ದಾಟಲಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನು ಸೇರಿಸಿ ಇಡೀ ದೇಶವನ್ನು ಒಂದೇ ಗ್ರಿಡ್ ಮಾಡಿದರು. ಅಂದಹಾಗೆ 2012ರ ಆ ಎರಡು ದಿನವೂ ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ಮಾಮೂಲಿ ಕಾರಣಕ್ಕೆ.

ಸಭೆಯ ಮಧ್ಯದಲ್ಲೂ ಹೋಯಿತು. ಕಥೆಗೆ ಚೆನ್ನಾಗಿರುತ್ತೆ ಅಂತ ನಾನು ಸೇರಿಸಿದ್ದಲ್ಲ, ಅದಾಗಿ ಅದೇ ಹೋಯಿತು. ಹುಡುಗನಿಗೆ ಗಾಬರಿ. ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ. ‘ಎಲ್‌ಸಿ ತಗೊಂಡಿರ್ತಾರೆ’ ಅಂತ ಹಿಂದಿನಿಂದ ಯಾರೋ ಅಂದರು. ಲೈನ್ ಕ್ಲಿಯರ್ ಅಂತ, ರಿಪೇರಿಗೆ ಲೈನ್ ಆಫ್ ಮಾಡಿಸೋದು. ಪರದೆ ಇಲ್ಲದ್ದಕ್ಕೆ ಹುಡುಗ ಬಾಯಲ್ಲೇ ವಿವರಿಸಲು ಶುರು ಮಾಡಿದ. ಒಂದು ವ್ಯವಸ್ಥೆ ಇನ್ನೊಂದನ್ನು ನೆಚ್ಚಿಕೊಂಡಿರುತ್ತೆ, ಒಂದು ಬಿದ್ದರೆ ಸಾಲಾಗಿ ಎಲ್ಲವೂ ಬೀಳುತ್ತವೆ ಅಂದ. ಮೂಲೆಯಲ್ಲಿ ನಿಂತಿದ್ದ ಲೈನ್‌ಮ್ಯಾನ್ ಅದಕ್ಕೆ ತಲೆ ಆಡಿಸಿ, ತನ್ನದೇ ಉದಾಹರಣೆ ಕೊಟ್ಟ. ‘ಲೈನ್ ಹೋದರೆ ಜನ ನನಗೆ ಫೋನ್ ಮಾಡ್ತಾರೆ ಸಾರ್. ಕಂಬ ಹತ್ತಬೇಕು ಅಂದರೆ ನಾನು ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೋಬೇಕು. ಫೋನ್ ನಡೆಯೋಕೆ ಟವರ್ ಇರಬೇಕು. ಟವರಿಗೆ ಕರೆಂಟು ಬೇಕು. ಅದರ ಬ್ಯಾಟರಿ ಎರಡು ವರ್ಷದಿಂದ ಹೋಗಿದೆ.’

‘ಹಾಗಾದ್ರೆ ಏನು ಮಾಡ್ತೀರಿ?’

‘ಬೈಕಲ್ಲಿ ಹೋಗಿ ಹೇಳಿ ಬರ್ತೀನಿ.’

ಈ ಮಾತನ್ನು ಹುಡುಗ ಬರೆದುಕೊಂಡ. ಬೈಕು ಯಾರದ್ದು, ಪೆಟ್ರೋಲಿಗೆ ಯಾರು ಕೊಡುತ್ತಾರೆ ಅಂತ ಯಾರೂ ಕೇಳಲಿಲ್ಲ.

ನೀರಿನ ಸರದಿ ಬಂತು. ಕೆ.ಸಿ. ವ್ಯಾಲಿ ಯೋಜನೆ ಗೊತ್ತಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪಂಪಿನಲ್ಲಿ ಎತ್ತಿ, ದಿನಕ್ಕೆ 440 ದಶಲಕ್ಷ ಲೀಟರ್ ನಮ್ಮ ಕೆರೆಗಳಿಗೆ ಬಿಡಬೇಕು ಅನ್ನುವ ಲೆಕ್ಕ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮುಂದಿನ ತಿಂಗಳೇ ನೊರೆಯೂ ಬಂತು. ಅದು ಕುಡಿಯುವ ನೀರಲ್ಲ, ಅಂತರ್ಜಲ ಏರಿಸೋಕೆ. ಬೋರ್‌ವೆಲ್ಲು ಸಾವಿರ ಅಡಿ ದಾಟಿದ ಜಿಲ್ಲೆ ಇದು, ನೊರೆ ನೋಡಿ ಬೇಡ ಅನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ. ಸಾಹುಕಾರರು ಇದನ್ನೆಲ್ಲ ಕೇಳಿಸಿಕೊಂಡು ಒಂದು ಗಂಭೀರ ಪ್ರಶ್ನೆ ಎತ್ತಿದರು. ‘ಅಂದ್ರೆ ಬೆಂಗಳೂರಿನವರು ಸ್ನಾನ ಮಾಡೋದು ಬಿಟ್ಟರೆ ನಮ್ಮ ಕೆರೆ ಒಣಗುತ್ತೆ. ಹಾಗಿದ್ದ ಮೇಲೆ ಅವರ ಬಚ್ಚಲುಮನೆ ನಮ್ಮ ನಿರ್ಣಾಯಕ ಮೂಲಸೌಕರ್ಯ ಅಲ್ವಾ? ಅದಕ್ಕೆ ಯಾವ ಬಣ್ಣ?’ ಹುಡುಗ ನಕ್ಕ. ಸಾಹೇಬರು ನಗಲಿಲ್ಲ. ‘ಗಮನಿಸಲಾಗಿದೆ’ ಅಂದರು.

ಇದೇ ಜಿಲ್ಲೆಯ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬರುತ್ತಲೇ ಇದೆ. ಮೋಟಾರಿಲ್ಲ, ಸ್ಟಾರ್ಟರಿಲ್ಲ, ಬಿಲ್ಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಸಾಲೂ ಇಲ್ಲ.

ಜೆಸಿಬಿ ಬಗ್ಗೆ ಮಾತ್ರ ಎಲ್ಲರೂ ಒಂದೇ ಮಾತು ಹೇಳಿದರು. ನೀರಿನ ಪೈಪಿಗೆ ಅಗೆದವರು ಇಂಟರ್ನೆಟ್ ಕೇಬಲ್ ಕತ್ತರಿಸುತ್ತಾರೆ. ಕೇಬಲ್ ಜೋಡಿಸೋಕೆ ಅಗೆದವರು ನೀರಿನ ಪೈಪು ಒಡೆಯುತ್ತಾರೆ. ಬೀಗರ ಹಾಗೆ ಕೊಟ್ಟು ತಗೊಳ್ಳುವ ಸಂಬಂಧ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಕೇಬಲ್ ಹೀಗೆ ತುಂಡಾಗುತ್ತೆ, ಅದರಿಂದ 3,000 ಕೋಟಿ ರೂಪಾಯಿ ನಷ್ಟ ಅಂತ ಕೇಂದ್ರ ಸರ್ಕಾರವೇ ಹೇಳಿತ್ತು. ಅದಕ್ಕೇ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅಂತ ಒಂದು ಆ್ಯಪ್ ಬಂತು, ಅಗೆಯುವ ಮುಂಚೆ ಹೇಳಿ ಅಂತ. ನಮ್ಮ ಊರಿನ ಜೆಸಿಬಿ ಡ್ರೈವರನ್ನು ಕೇಳಿದೆ. ‘ಹಾಕ್ಕೊಂಡಿದ್ದೆ ಮೇಷ್ಟ್ರೇ. ಅವತ್ತು ನೆಟ್ ಇರಲಿಲ್ಲ’ ಅಂದ. ಯಾಕಿರಲಿಲ್ಲ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಇನ್ನು ಹ್ಯಾಕಿಂಗ್. ಅದಕ್ಕೆ ಮುಕ್ಕಾಲು ಗಂಟೆ ಹೋಯಿತು. ಕಂಪ್ಯೂಟರಿನಿಂದ ನಡೆಯುವ ಇಂಥ ವ್ಯವಸ್ಥೆಗಳನ್ನು ಕಾಯೋಕೆ ದೆಹಲಿಯಲ್ಲಿ 2014ರಿಂದ ‘ರಾಷ್ಟ್ರೀಯ ನಿರ್ಣಾಯಕ ಮಾಹಿತಿ ಮೂಲಸೌಕರ್ಯ ಸಂರಕ್ಷಣಾ ಕೇಂದ್ರ’ ಇದೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿರುತ್ತೆ. ಹೊರದೇಶದವರು ನಮ್ಮ ಓವರ್‌ಹೆಡ್ ಟ್ಯಾಂಕಿನೊಳಗೆ ನುಗ್ಗದಂತೆ ಹನ್ನೆರಡು ಅಕ್ಷರದ ಪಾಸ್‌ವರ್ಡ್ ಇಡಬೇಕು ಅಂತ ತೀರ್ಮಾನವಾಯಿತು. ಟ್ಯಾಂಕಿಗೆ ಇರುವುದು ಒಂದು ಏಣಿ. ಅದರಲ್ಲೂ ಕೆಳಗಿನ ನಾಲ್ಕು ಮೆಟ್ಟಿಲು ಇಲ್ಲ. ಒಂಥರಾ ಪಾಸ್‌ವರ್ಡೇ.

ವಡೆ ಮುಗಿದ ಮೇಲೆ ಸ್ಥಳ ಪರಿಶೀಲನೆ. ಎಲ್ಲರೂ ಆ ಟ್ಯಾಂಕಿನ ಹತ್ತಿರ ಹೋದೆವು. ಅಲ್ಲಿ ನೀರು ಬಿಡೋ ಅಣ್ಣ ಕಾಯುತ್ತಿದ್ದ. ಅವನ ಅಜ್ಜ ನಮ್ಮ ಕೆರೆಯ ನೀರುಗಂಟಿ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದವನು. ಮೊಮ್ಮಗ ಈಗ ಯಾವ ಬೀದಿಗೆ ಎಷ್ಟು ಅಂತ ಹಂಚುತ್ತಾನೆ. ವಾಲ್ವಿನ ಗುಂಡಿಗೆ ಮುಚ್ಚಿದ್ದ ಚಪ್ಪಡಿ ಎರಡು ತುಂಡಾಗಿತ್ತು. ಒಂದು ತುಂಡನ್ನು ಕಾಲಲ್ಲಿ ಸರಿಸಿದ. ಒಳಗೆ ಮೊಣಕಾಲುದ್ದ ಕೆಸರು, ಒಂದು ಕಪ್ಪೆ, ಅದರಾಚೆ ತುಕ್ಕು ಹಿಡಿದ ವಾಲ್ವು. ತಿರುಗಿಸುವ ಚಕ್ರ ಇರಲಿಲ್ಲ. ಅದನ್ನು ಎಂದೋ ಯಾರೋ ಗುಜರಿಗೆ ಹಾಕಿದ್ದಾರೆ. ಅದಕ್ಕೇ ಒಂದು ಕಬ್ಬಿಣದ ಕೀ ಮಾಡಿಸಿದ್ದಾನೆ. ಎದೆಮಟ್ಟದ ಸರಳು, ಮೇಲೆ ಅಡ್ಡಕ್ಕೆ ಹಿಡಿ. ಇಡೀ ಊರಿಗೆ ಅದೊಂದೇ. ಪಕ್ಕದ ಹೊಂಗೆ ಮರದ ಬುಡದಲ್ಲಿ ಒಂದು ಪೊಟರೆ ಇದೆ, ಕೀ ಅದರಲ್ಲಿರುತ್ತೆ. ಇದು ಊರಿಗೆಲ್ಲ ಗೊತ್ತು. ಕದಿಯುವವರಿಗೂ ಗೊತ್ತು. ಆದರೆ ಕದ್ದರೆ ಅವರ ಮನೆಗೂ ನೀರಿಲ್ಲ.

ಹುಡುಗ ಮೊಬೈಲಿನಲ್ಲಿ ಆ್ಯಪ್ ತೆಗೆದ. ‘ಎನ್ ಮೈನಸ್ ಒನ್ ಅಂತ ಒಂದು ನಿಯಮ ಇದೆ ಅಣ್ಣ. ಗ್ರಿಡ್ಡಿನವರು ಪಾಲಿಸ್ತಾರೆ. ಯಾವುದಾದರೂ ಒಂದು ಕೆಟ್ಟರೂ ಉಳಿದದ್ದು ನಡೀಬೇಕು. ನೀವು ಒಂದು ದಿನ ಬರದಿದ್ದರೆ ಏನು ಗತಿ?’

‘ನಮ್ಮ ಮನೆಯವಳು ಬಿಡ್ತಾಳೆ ಸಾರ್.’

ಅಷ್ಟರಲ್ಲಿ ಆಕೆಯೇ ಬಿಂದಿಗೆ ಹಿಡಿದು ಬಂದಳು. ಹುಡುಗ ಕೇಳಿದ್ದಕ್ಕೆ ಬಿಂದಿಗೆ ಕೆಳಗಿಟ್ಟು, ಪೊಟರೆಯಿಂದ ಕೀ ಎಳೆದು, ವಾಲ್ವಿಗೆ ಕೂರಿಸಿ ತೋರಿಸಿದಳು. ‘ದೇವಸ್ಥಾನದ ಬೀದಿಗೆ ಹನ್ನೊಂದು ಸುತ್ತು. ಕುಂಬಾರ ಬೀದಿ ಎತ್ತರ, ಅದಕ್ಕೆ ಹದಿನಾಲ್ಕು. ಹದಿನೈದು ತಿರುಗಿಸಿದ್ರೆ ಸ್ಕೂಲ್ ಹತ್ರ ಪೈಪ್ ಒಡೆಯುತ್ತೆ. ಇವರಿಗೆ ಜ್ವರ ಬಂದಾಗ, ಆಮೇಲೆ...’ ಗಂಡನ ಕಡೆ ಒಂದು ಸಲ ನೋಡಿದಳು. ‘ಜ್ವರ ಬಂದಾಗ ನಾನೇ ಬಿಡೋದು.’ ಊರಲ್ಲಿ ಎಲ್ಲರಿಗೂ ಗೊತ್ತು, ಅವನಿಗೆ ಜ್ವರ ಶನಿವಾರ ರಾತ್ರಿ ಜಾಸ್ತಿ.

ಇಡೀ ದಿನದಲ್ಲಿ ನಾನು ಕಂಡ ಎನ್ ಮೈನಸ್ ಒನ್ ಅದೊಂದೇ. ಹುಡುಗನಿಗೂ ಖುಷಿಯಾಯಿತು. ‘ಪರ್ಯಾಯ ವ್ಯವಸ್ಥೆ’ ಅನ್ನುವ ಕಡೆ ‘ಇದೆ’ ಅಂತ ಒತ್ತಿದ. ಆ್ಯಪ್ ಬಿಡಲಿಲ್ಲ. ಇನ್ನೂ ಮೂರು ಖಾನೆ ತೆರೆಯಿತು. ತಯಾರಕರು, ಸಾಮರ್ಥ್ಯ, ಖರೀದಿಸಿದ ವರ್ಷ.

‘ಖರೀದಿ ಅಲ್ಲ ಸಾರ್, ಮದುವೆ’ ಅಂದ ಅಣ್ಣ.

ಹಿಂದಿನ ಸಭೆಗಳಲ್ಲಿ ತಲೆ ನರೆತ ಸಾಹೇಬರು ಹುಡುಗನ ಭುಜ ತಟ್ಟಿದರು. ‘ಇಲ್ಲ ಅಂತ ಹಾಕಪ್ಪ. ಇದೆ ಅಂದರೆ ಆಡಿಟ್‌ನವರು ಆಯಮ್ಮನಿಗೆ ಯಾವ ಹೆಡ್ಡಿನಲ್ಲಿ ಸಂಬಳ ಕೊಟ್ಟಿರಿ ಅಂತ ಕೇಳ್ತಾರೆ. ಕೊಟ್ಟಿಲ್ಲ ಅಂದರೆ ಯಾಕೆ ದುಡಿಸಿದಿರಿ ಅಂತಾರೆ.’ ಹುಡುಗ ‘ಇಲ್ಲ’ ಒತ್ತಿದ. ಹಸಿರು ಗುರುತು ಬಂತು. ಜಿಪಿಎಸ್ ಫೋಟೊ ತೆಗೆಯುವಾಗ ಆಕೆ ಅಡ್ಡ ನಿಂತಿದ್ದಳು. ಸ್ವಲ್ಪ ಈಚೆ ಬನ್ನಿ ಅಮ್ಮಾ ಅಂದ. ಫೋಟೊದಲ್ಲಿ ಟ್ಯಾಂಕು, ಗುಂಡಿ, ಹೊಂಗೆ ಮರ ಚೆನ್ನಾಗಿ ಬಂದವು.

ವರದಿ ಮೂರು ವಾರಕ್ಕೆ ಬಂತು. ದಪ್ಪಗೆ, ಸ್ಪೈರಲ್ ಬೈಂಡಿಂಗು. ಸುನಾಮಿ ಮಧ್ಯಮದಲ್ಲೇ ಇತ್ತು. ಸಾಹುಕಾರರ ಬಚ್ಚಲುಮನೆ ಬಿಟ್ಟುಹೋಗಿತ್ತು. ಲೈನ್‌ಮ್ಯಾನಿನ ಬೈಕು ‘ತುರ್ತು ಸಂವಹನ ಜಾಲ’ ಆಗಿತ್ತು. ನಮ್ಮ ಟ್ಯಾಂಕಿನ ಪುಟದಲ್ಲಿ ಒಂದೇ ಒಂದು ಕೆಂಪು ಚೌಕ. ‘ಟ್ಯಾಂಕಿಗೆ ಹೊಂದಿಕೊಂಡಿರುವ ಟೊಳ್ಳು ಬುಡದ ಮರ ಬಿದ್ದು ಸೊತ್ತಿಗೆ ಹಾನಿ ಮಾಡುವ ಸಾಧ್ಯತೆ. ಅಪಾಯ: ಅತಿ ಹೆಚ್ಚು. ಕ್ರಮ: ತೆರವು.’

ಇಷ್ಟು ದಪ್ಪದ ವರದಿಯಲ್ಲಿ ಕೂಡಲೇ ಜಾರಿಯಾಗಿದ್ದು ಅದೊಂದೇ. ಮರ ಕಡಿಯೋಕೆ ಅನುದಾನ ಬೇಕಿಲ್ಲ, ಸೌದೆಗೆ ಗಿರಾಕಿ ಇದ್ದೇ ಇರುತ್ತಾರೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬೊಡ್ಡೆ ಮಾತ್ರ ಉಳಿದಿತ್ತು.

ಮಂಗಳವಾರ ಬೆಳಗಿನ ಜಾವ ನಲ್ಲಿ ಸದ್ದು ಕೇಳಿ ಎದ್ದೆ. ನೀರು ಬಂದಿತ್ತು. ನನಗೆ ಆಶ್ಚರ್ಯ. ಟಾರ್ಚ್ ಹಿಡಿದು ಟ್ಯಾಂಕಿನ ಹತ್ತಿರ ಹೋದರೆ ಆಕೆ ಒಬ್ಬಳೇ ಸುತ್ತು ಎಣಿಸುತ್ತಾ ನಿಂತಿದ್ದಳು. ಒಂಬತ್ತು, ಹತ್ತು, ಹನ್ನೊಂದು. ಕೀ ಎತ್ತಿ ಸೆರಗಲ್ಲಿ ಒರೆಸಿದಳು.

‘ಮರ ಹೋಯ್ತಲ್ಲಮ್ಮ. ಕೀ ಈಗ ಎಲ್ಲಿ ಇಡ್ತೀಯ?’

‘ಹೇಳಲ್ಲ ಮೇಷ್ಟ್ರೇ’ ಅಂದಳು. ‘ನೀವು ಬರ್ಕೊಂಡುಬಿಡ್ತೀರಿ.’