ಪುಸ್ತಕದಲ್ಲಿ ಹಿಂಗಿರ್ಲಿಲ್ಲ ಅನ್ನೋ ಜಗಳ: ನ್ಯೂಕ್ಯಾಸಲ್ಲಲ್ಲೂ ಬೇಲೂರಲ್ಲೂ

ಇಂಗ್ಲೆಂಡಿನ ಜನ ಬಹಳ ಸಮಾಧಾನದೋರು, ಜಗಳಕ್ಕೆ ಬರಲ್ಲ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ನಂಬ್ಬೇಡಿ. ಅವ್ರ ಮುಂದೆ ಹ್ಯಾರಿ ಪಾಟರ್ ಪುಸ್ತಕಕ್ಕಿಂತ ಸಿನಿಮಾನೇ ಚೆನ್ನಾಗಿದೆ ಅಂತ ಒಂದ್ಸಲ ಅಂದು ನೋಡಿ, ಆಮೇಲೆ ಮಾತಾಡಣ. ನಾನಿರೋದು ನ್ಯೂಕ್ಯಾಸಲ್ಲಲ್ಲಿ, ಊರು ಬೇಲೂರ್ ಕಡೆ. ಇಲ್ಲಿಂದ ಕಾರಲ್ಲಿ ಹೋದ್ರೆ ಒಂದು ಗಂಟೆ ಒಳಗೆ ಆನಿಕ್ ಕೋಟೆ ಸಿಗುತ್ತೆ, ಮೊದಲ್ನೇ ಸಿನಿಮಾದಲ್ಲಿ ಮಕ್ಕಳು ಪೊರಕೆ ಮೇಲೆ ಹಾರೋದು ಕಲಿಯೋ ಸೀನ್ ತೆಗೆದಿದ್ದು ಅಲ್ಲೇ, ಈಗ್ಲೂ ಹೋದೋರ ಕೈಗೆ ಪೊರಕೆ ಕೊಟ್ಟು ಪಾಠ ಮಾಡ್ತಾರೆ. ನಲವತ್ತು ದಾಟಿದ ಗಂಡಸರು, ಬ್ಯಾಂಕಲ್ಲೋ ಕೌನ್ಸಿಲ್ಲಲ್ಲೋ ಕೆಲಸ ಮಾಡೋರು, ಕಾಲ್ಮಧ್ಯೆ ಪೊರಕೆ ಸಿಗಿಸ್ಕೊಂಡು ಹುಲ್ಲಿನ ಮೇಲೆ ಎಗರ್ತಿರ್ತಾರೆ, ಹೆಂಡ್ತಿ ಫೋಟೋ ತೆಗೀತಿರ್ತಾಳೆ. ಅಂಥ ಒಬ್ಬ ಮಹಾಶಯ ಕ್ಯೂನಲ್ಲಿ ನಿಂತ್ಕೊಂಡೇ ಮಗನಿಗೆ ಹೇಳ್ತಿದ್ದ, ಹುಡುಗನ ಕಣ್ಣು ಹಸಿರು ಇರ್ಬೇಕಿತ್ತು ಕಣೋ, ಇವ್ರು ನೀಲಿ ಮಾಡಿ ಹಾಳು ಮಾಡಿದ್ರು ಅಂತ. ಸಿನಿಮಾ ಬಂದಿದ್ದು 2001ರಲ್ಲಿ, ಇವನ ಸಿಟ್ಟು ಇನ್ನೂ ಆರಿಲ್ಲ.

ನಂಗೆ ಮೊದಮೊದ್ಲು ಇದು ತಮಾಷೆ ಅನ್ನಿಸ್ತಿತ್ತು. ಮದುವೆ ಮುಗಿದ್ಮೇಲೆ ಮುಯ್ಯಿ ಪುಸ್ತಕ ಹಿಡ್ಕೊಂಡು ಯಾರು ಎಷ್ಟು ಹಾಕಿದ್ರು ಯಾರು ಹಾಕ್ಲಿಲ್ಲ ಅಂತ ಕೂತು ನೋಡ್ತಾರಲ್ಲ, ಹಂಗೆ ಇಲ್ಲಿನ ಜನ ಥಿಯೇಟರಿಂದ ಹೊರಗೆ ಬರೋವಾಗ್ಲೇ ಲೆಕ್ಕ ಶುರು ಹಚ್ಕೋತಾರೆ. ಸ್ಕೂಲಲ್ಲಿ ಎಲ್ರಿಗೂ ಕಾಟ ಕೊಡೋ ಪೀವ್ಸ್ ಅನ್ನೋ ತರ್ಲೆ ದೆವ್ವ ಎಂಟು ಸಿನಿಮಾದಲ್ಲಿ ಒಂದ್ರಲ್ಲೂ ಇಲ್ಲ, ಅದಕ್ಕೆ ರಿಕ್ ಮಾಯಲ್ ಅನ್ನೋ ಒಳ್ಳೆ ಕಾಮಿಡಿ ನಟನ್ನ ಕರ್ಸಿ ಶೂಟಿಂಗೂ ಮಾಡಿ ಆಮೇಲೆ ಕತ್ತರಿ ಹಾಕಿದ್ರು. 2004ರ ಮೂರನೇ ಸಿನಿಮಾ ಅಲ್ಫೊನ್ಸೊ ಕ್ವಾರೋನ್ ಮಾಡಿದ್ದು, ವಿಮರ್ಶಕರೆಲ್ಲ ಹೊಗಳಿದ್ದೇ ಹೊಗಳಿದ್ದು, ಓದಿದೋರು ಮಾತ್ರ ಆ ಮಾಯದ ನಕ್ಷೆ ಬರೆದಿದ್ದು ಹ್ಯಾರಿಯ ಅಪ್ಪ ಮತ್ತವನ ಮೂರು ಜನ ಗೆಳೆಯರು ಅಂತ ಒಂದು ಮಾತೂ ಹೇಳ್ಲಿಲ್ವಲ್ಲ ಅಂತ ಇವತ್ತಿಗೂ ಗೊಣಗ್ತಾರೆ. ಐದನೇ ಪುಸ್ತಕ ಏಳ್ರಲ್ಲೂ ದಪ್ಪ, ಅದ್ರ ಸಿನಿಮಾ ನೋಡಿದ್ರೆ 138 ನಿಮಿಷ, ಇರೋದ್ರಲ್ಲಿ ಗಿಡ್ಡದ್ರ ಸಾಲಿಗೆ ಸೇರುತ್ತೆ. ಇನ್ನು ನಾಲ್ಕನೇದು. ಪಂದ್ಯಕ್ಕೆ ಯಾರ್ಯಾರು ಅಂತ ಆರಿಸೋ ಬೆಂಕಿ ಬಟ್ಟಲಿಂದ ಹ್ಯಾರಿ ಹೆಸರು ಹೊರಗೆ ಬಂದಾಗ ಹೆಡ್‌ಮೇಷ್ಟ್ರು ಡಂಬಲ್‌ಡೋರ್ ಪುಸ್ತಕದಲ್ಲಿ ಶಾಂತವಾಗಿ ಕೇಳ್ತಾರೆ, ಇದ್ರಲ್ಲಿ ನಿನ್ನ ಹೆಸರು ಹಾಕಿದ್ಯೇನಪ್ಪ ಅಂತ. ಸಿನಿಮಾದಲ್ಲಿ ಓಡ್ಬಂದು ಹುಡುಗನ್ನ ಹಿಡಿದು ಅಲ್ಲಾಡಿಸಿ ಅರಚ್ತಾರೆ. ನಮ್ಮ ಆಫೀಸಲ್ಲಿ ಒಬ್ಳು ಇದ್ದಾಳೆ, ಬಾಸ್ ಬೈದ್ರೂ ಮುಖ ಕೆಂಪಾಗಲ್ಲ, ಈ ಸೀನ್ ನೆನಪು ಮಾಡಿದ್ರೆ ಟೀ ಕಪ್ ಟಪ್ ಅಂತ ಟೇಬಲ್ ಮೇಲಿಡ್ತಾಳೆ.

ಎಲ್ಲಾ ತಕರಾರೂ ಹುಡುಗಾಟದ್ದಲ್ಲ, ಅದನ್ನೂ ಹೇಳ್ಬೇಕು. ಕೊನೇ ಕಾಳಗ ತಗೊಳ್ಳಿ. ಪುಸ್ತಕದಲ್ಲಿ ಆ ವಿಲನ್ ವೊಲ್ಡೆಮಾರ್ಟ್ ಸಾಯೋದು ಸ್ಕೂಲಿನ ದೊಡ್ಡ ಹಾಲಲ್ಲಿ, ಮಕ್ಕಳು ಮೇಷ್ಟ್ರು ಎಲ್ರೂ ಸುತ್ತ ನಿಂತು ನೋಡ್ತಿರ್ತಾರೆ, ಅವನು ಬೀಳ್ತಾನೆ, ಹೆಣ ಎಲ್ಲರ ಹೆಣದ ಥರಾನೇ ನೆಲದ ಮೇಲೆ ಬಿದ್ದಿರುತ್ತೆ. ಸಾವು ಗೆಲ್ತೀನಿ ಅಂತ ಏಳು ಪುಸ್ತಕ ಪೂರ್ತಿ ಮೆರೆದೋನು ಕೊನೆಗೆ ಒಂದು ಮಾಮೂಲಿ ಹೆಣ, ಆ ಕಥೆಗೆ ಅದೇ ಪಂಚು. 2011ರ ಸಿನಿಮಾದಲ್ಲಿ ಇಬ್ರೇ ಖಾಲಿ ಅಂಗಳದಲ್ಲಿ ಬಡಿದಾಡ್ತಾರೆ, ನೋಡೋಕೆ ಒಬ್ಬ ಸಾಕ್ಷಿ ಇಲ್ಲ, ಅವನು ಸುಟ್ಟ ಕಾಗದದ ಚೂರಾಗಿ ಗಾಳೀಲಿ ಹಾರೋಗ್ತಾನೆ. ನೋಡೋಕೆ ಚೆಂದ, ನಿಜ. ಆದ್ರೆ ರಾಕ್ಷಸ ಸತ್ತ ಅಂತ ಊರಿಗೆ ಗೊತ್ತಾಗೋದು ಹೆಂಗೆ? ಇದ್ರಲ್ಲಿ ನಾನು ಪುಸ್ತಕದೋರ ಪಾರ್ಟಿ.

ಈಗ ನಮ್ಮೂರಿಗೆ ಬನ್ನಿ. ರಜಕ್ಕೆ ಹೋದಾಗ ಹಾಸನದಲ್ಲಿ ಅಣ್ಣನ ಮನೇಲಿ ಟೀವೀಲಿ ಮೊದಲ್ನೇ ಸಿನಿಮಾ ಹಿಂದಿಯಲ್ಲಿ ಬರ್ತಿತ್ತು. (ಆ ಎಂಟು ಸಿನಿಮಾ ಬಂದ ಕಾಲದಲ್ಲಿ ಕನ್ನಡಕ್ಕೆ ಡಬ್ ಮಾಡೋ ಹಾಗೇ ಇರ್ಲಿಲ್ಲ, ಅದು ಬೇರೆ ದೊಡ್ಡ ಜಗಳ, ಇಲ್ಲಿ ಬೇಡ.) ಅಮ್ಮಂಗೆ ಹಿಂದಿನೂ ಬರಲ್ಲ, ಅಣ್ಣನ ಮಗಳು ಪಕ್ಕದಲ್ಲಿ ಕೂತು ಕಾಮೆಂಟ್ರಿ ಕೊಡ್ತಿದ್ಲು, ಅಮ್ಮ ಅವರೆಕಾಳು ಸುಲೀತಾ ನೋಡ್ತಿದ್ರು. ಮೆಟ್ಟಿಲ ಕೆಳಗಿನ ಗೂಡಲ್ಲಿ ಹುಡುಗನ್ನ ಮಲಗಿಸೋದು ಬಂತು. ಯಾರದು ಹೆಂಗಸು ಅಂದ್ರು. ಹುಡುಗನ ಅಮ್ಮನ ಅಕ್ಕ, ಅಜ್ಜಿ, ಅಂದ್ಲು ಇವಳು. ಅಮ್ಮನ ಕೈ ನಿಂತೋಯ್ತು. "ಸ್ವಂತ ದೊಡ್ಡಮ್ಮ ಆಗಿ ಹಿಂಗ್ ಮಾಡ್ತಾಳಾ? ಒಡಹುಟ್ಟಿದೋಳ ಮಗ ಅಲ್ವಾ?" ಅಲ್ಲಿಂದ ಮುಂದೆ ಅಮ್ಮಂಗೆ ಮಂತ್ರ ತಂತ್ರ ಪೊರಕೆ ಗೂಬೆ ಯಾವುದ್ರಲ್ಲೂ ಆಸಕ್ತಿ ಇಲ್ಲ, ಆ ದೊಡ್ಡಮ್ಮಂಗೆ ಯಾರಾದ್ರೂ ಬುದ್ಧಿ ಕಲಿಸ್ತಾರಾ ಇಲ್ವಾ ಅನ್ನೋದೊಂದೇ ಪ್ರಶ್ನೆ. ರೈಲು ದೊಡ್ಡ ಸೇತುವೆ ಮೇಲೆ ಹೋಗೋದನ್ನ ಆಮೇಲೆ ಎರಡನೇ ಸಿನಿಮಾದಲ್ಲಿ ನೋಡಿ ಅಣ್ಣ, ಇದೇನ್ ಮಹಾ, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗೋ ನಮ್ಮ ಘಾಟಿ ರೈಲೇ ಇದಕ್ಕಿಂತ ಚೆನ್ನಾಗೈತೆ ಅಂದ. ಗೊರೂರ್ ಹಿನ್ನೀರಲ್ಲಿ ಅರ್ಧ ಮುಳುಗೋ ಶೆಟ್ಟಿಹಳ್ಳಿ ಚರ್ಚನ್ನ ಇವ್ರಿಗೆ ಯಾರೂ ತೋರ್ಸ್ಲಿಲ್ವಾ ಅಂತಲೂ ಕೇಳ್ದ. ಬೇರೆ ಎಲ್ಲಿ ಬಿಟ್ರೂ ಊರಿನ ಅಭಿಮಾನದಲ್ಲಿ ಬಿಡಲ್ಲ.

ಸ್ವಲ್ಪ ಹೊತ್ತಾದ್ಮೇಲೆ ಅಮ್ಮ ತೀರ್ಪು ಕೊಟ್ರು: ಇದು ನಮ್ಮ ಚಂದ್ರಹಾಸನ ಕಥೆನೇ. ನಾನು ನಕ್ಕೆ, ಆಮೇಲೆ ಯೋಚನೆ ಮಾಡಿದ್ರೆ ಹೌದಲ್ಲ! ಹುಟ್ತಾನೇ ಅಪ್ಪ ಅಮ್ಮನ್ನ ಕಳ್ಕೊಂಡ ರಾಜಕುಮಾರ, ಎಡಗಾಲಲ್ಲಿ ಆರು ಬೆರಳು ಅನ್ನೋ ಗುರುತು, ಇವನು ಮುಂದೆ ರಾಜ ಆಗ್ತಾನೆ ಅಂತ ಭವಿಷ್ಯ ಕೇಳಿ ಉರ್ಕೊಂಡು ಕೊಲ್ಲಿಸೋಕೆ ನೋಡೋ ಮಂತ್ರಿ ದುಷ್ಟಬುದ್ಧಿ, ಮಗು ಮುಖ ನೋಡಿ ಮನಸ್ಸು ಬರ್ದೆ ಆರನೇ ಬೆರಳನ್ನ ಮಾತ್ರ ಕತ್ತರಿಸಿ ಸಾಕ್ಷಿಗೆ ತಗೊಂಡು ಹೋಗೋ ಕಟುಕರು. ಅಲ್ಲಿ ಗುರುತು ಕಾಲಲ್ಲಿ, ಇಲ್ಲಿ ಹ್ಯಾರಿ ಹಣೆ ಮೇಲಿನ ಗಾಯ. ಆ ಕಥೆನ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದ ಲಕ್ಷ್ಮೀಶ ಚಿಕ್ಕಮಗಳೂರು ಜಿಲ್ಲೆ ಕಡೂರ್ ತಾಲೂಕಿನ ದೇವನೂರಿನೋನು, ಅಂದ್ರೆ ನಮಗೆ ಪಕ್ಕದ ಮನೆಯೋನು. ಅವನೂ ಸಂಸ್ಕೃತದಲ್ಲಿ ಇದ್ದಿದ್ದನ್ನ ತನಗೆ ಬೇಕಾದ ಹಾಗೆ ಷಟ್ಪದೀಲಿ ಕೂರಿಸ್ದೋನೇ. ಅದಕ್ಕಿಂತ ಹಿಂದೆ 941ರಲ್ಲಿ ಪಂಪ ಭಾರತ ಬರೆದಾಗ ತನ್ನ ದೊರೆ ಅರಿಕೇಸರೀನ ಅರ್ಜುನ ಮಾಡ್ಕೊಂಡು, ದ್ರೌಪದಿಗೆ ಅರ್ಜುನ ಒಬ್ಬನೇ ಗಂಡ ಅಂತ ಕಥೆನೇ ತಿರುಗಿಸ್ಬಿಟ್ಟ. ಇದ್ರ ಮುಂದೆ ಕಣ್ಣಿನ ಬಣ್ಣ ಯಾವ ಲೆಕ್ಕ ಹೇಳಿ. ಅವನನ್ನ ನಾವು ಆದಿಕವಿ ಅಂತ ಕರೀತೀವಿ.

ನಮ್ಮ ದೊಡ್ಡಪ್ಪ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾರ್ಟ್ ಮಾಡೋರು. ಹಾಸನ ಕಡೆ ಗೊತ್ತಿರೋರಿಗೆ ಹೇಳೋದು ಬೇಡ, ಪಾರ್ಟ್ ಬೇಕಂದ್ರೆ ನಾವೇ ದುಡ್ಡು ಕೊಡ್ಬೇಕು, ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಲೆ ಪ್ರಾಕ್ಟೀಸ್ ಮಾಡಿಸ್ತಾರೆ, ಸೀನರಿ ಲೈಟು ಬಾಡಿಗೆಗೆ ಬರುತ್ತೆ, ದ್ರೌಪದಿ ಕುಂತಿ ಪಾರ್ಟಿಗೆ ಹೊರಗಿಂದ ಕಲಾವಿದೆಯರು. ಕೃಷ್ಣ ಆಗೋದು ಸೊಸೈಟಿ ಸೆಕ್ರೆಟರಿ, ಹೊಟ್ಟೆ ಮುಂದೆ, ಕೊಳಲು ಹಿಂದೆ. ಯಾರೂ ಕೃಷ್ಣ ಹಿಂಗಿರ್ಲಿಲ್ಲ ಅನ್ನಲ್ಲ. ಜನ ಕಾಯೋದು ಕಂದ ಹೆಂಗೆ ಹಾಡ್ತಾನೆ, ಏರು ಮುಟ್ತಾನಾ ಇಲ್ವಾ ಅಂತ, ಚೆನ್ನಾಗಿ ಹಾಡಿದ್ರೆ ಒನ್ಸ್ ಮೋರ್. ದೊಡ್ಡಪ್ಪ ತೊಡೆ ಮುರಿದು ಬಿದ್ಮೇಲೂ ಎದ್ದು ಕೂತು ಇನ್ನೊಂದ್ಸಲ ಹಾಡಿದ್ರು, ಜನ ನೋಟಿನ ಹಾರ ಹಾಕಿದ್ರು, ಆಮೇಲೆ ಮತ್ತೆ ಸತ್ರು.

ಇಷ್ಟು ಹೇಳಿ, ನೋಡಿ ನಮ್ಮೋರು ಎಷ್ಟು ವಿಶಾಲ ಮನಸ್ಸಿನೋರು, ಇಂಗ್ಲಿಷ್‌ನೋರು ಪುಸ್ತಕದ ಹುಳ ಅಂತ ಮುಗಿಸ್ಬೋದಿತ್ತು. ನನ್ನ ಹಾಗೆ ಹೊರದೇಶದಲ್ಲಿರೋ ಗೆಳೆಯರು ಅಂಥ ಮಾತೇ ಆಡೋದು, ನಮ್ಮೂರಲ್ಲಿ ಹಂಗಿಲ್ಲ ಹಿಂಗಿಲ್ಲ ಅಂತ. ಅವ್ರಿಗೆ ನಾನು ಮೂಡಿಗೆರೆಯ ನನ್ನ ಫ್ರೆಂಡ್ ಒಬ್ಬನ್ನ ಪರಿಚಯ ಮಾಡಿಸ್ಬೇಕು. ಕಾಫಿ ತೋಟ, ನಾಕು ನಾಯಿ, ಮತ್ತೆ ತೇಜಸ್ವಿ ಬರೆದಿದ್ದಷ್ಟೂ ಬಾಯಿಪಾಠ. 2016ರಲ್ಲಿ ಕಿರಗೂರಿನ ಗಯ್ಯಾಳಿಗಳು ಸಿನಿಮಾ ಬಂದಾಗ ನೋಡ್ಕೊಂಡು ಬಂದು ಫೋನ್ ಮಾಡಿ, ಸಿನಿಮಾ ಚೆನ್ನಾಗೈತೆ ಕಣೋ, ಆದ್ರೆ ಅದು ನನ್ನ ಕಿರಗೂರಲ್ಲ ಅಂದ. ಡೇರ್‌ಡೆವಿಲ್ ಮುಸ್ತಾಫಾ 2023ರಲ್ಲಿ ಬಂತಲ್ಲ, ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿದ್ದು, ಕೆಲವೇ ಪುಟದ ಕಥೆನ ಪೂರ್ತಿ ಉದ್ದದ ಸಿನಿಮಾ ಮಾಡಿದ್ರು. ಅದನ್ನ ಮೆಚ್ಕೊಂಡ, ಖುಷಿಯಾಗಿ ಕುಣಿದ, ಜೊತೆಗೆ ಯಾವ್ಯಾವುದು ಸೇರ್ಸಿದಾರೆ ಅಂತ ಮುಕ್ಕಾಲು ಗಂಟೆ ನಂಗೆ ಲೆಕ್ಕ ಒಪ್ಪಿಸ್ದ. ನಾಳೆ ಯಾರಾದ್ರೂ ದೊಡ್ಡ ಬಜೆಟ್ಟಲ್ಲಿ ಕರ್ವಾಲೊ ಮಾಡಿ, ಆ ಹಾರೋ ಓತಿನ ಗ್ರಾಫಿಕ್ಸಲ್ಲಿ ಕ್ಲೋಸಪ್ ತೋರ್ಸಿ, ಕೊನೇಲಿ ಅದು ಕಣಿವೆಗೆ ಹಾರೋಗೋ ಬದ್ಲು ಯಾರದೋ ಕೈಗೆ ಸಿಗೋ ಹಾಗೆ ಮಾಡ್ಲಿ, ನಮ್ಮ ವಿಶಾಲ ಮನಸ್ಸು ಎಷ್ಟಿದೆ ಅಂತ ಮೂಡಿಗೆರೆ ಬಸ್‌ಸ್ಟ್ಯಾಂಡಲ್ಲೇ ಗೊತ್ತಾಗುತ್ತೆ. ಮಂದಣ್ಣನ ಪಾರ್ಟಿಗೆ ಯಾರು ಅನ್ನೋದಕ್ಕೇ ಅರ್ಧ ಜಿಲ್ಲೆ ಮಾತು ಬಿಡುತ್ತೆ.

ಅತ್ಲಾಗೆ ಇದೇ ಇಂಗ್ಲಿಷ್ ಜನಾನ ಡಿಸೆಂಬರಲ್ಲಿ ನೋಡ್ಬೇಕು. ಕ್ರಿಸ್‌ಮಸ್ ಟೈಮಲ್ಲಿ ಊರೂರಲ್ಲೂ ಪ್ಯಾಂಟೊಮೈಮ್ ಅಂತ ನಾಟಕ, ಸಿಂಡ್ರೆಲಾ, ಅಲ್ಲಾದೀನ್, ಅದೇ ನಾಕೈದು ಕಥೆ. ಮುದುಕಿ ಪಾರ್ಟಿಗೆ ಮೀಸೆ ಬೋಳಿಸ್ಕೊಂಡ ಗಂಡಸು, ಮಧ್ಯ ಮಧ್ಯ ಈ ವರ್ಷದ ಹಿಟ್ ಹಾಡು, ಊರಿನ ಕೌನ್ಸಿಲ್ ಮೇಲೆ ಜೋಕು, ಅಲ್ಲಾದೀನ್ ಕಥೇಲಿ ನ್ಯೂಕ್ಯಾಸಲ್ ಫುಟ್‌ಬಾಲ್ ಟೀಮ್ ಬಂದ್ರೂ ಯಾರೂ ಕೇಳಲ್ಲ. ವಿಲನ್ ಬಂದ್ರೆ ಇಡೀ ಹಾಲ್ ಬೂ ಅನ್ನುತ್ತೆ, ಹಿಂದೆ ಇದಾನೆ ನೋಡು ಹಿಂದೆ ಅಂತ ಅಜ್ಜಂದಿರೂ ಕೂಗ್ತಾರೆ. ಟೀ ಕಪ್ ಕುಕ್ಕಿದೋಳೂ ಅಲ್ಲಿ ಎದ್ದು ನಿಂತು ಕಿರುಚ್ತಿದ್ಲು. ನಂಗೆ ದೊಡ್ಡಪ್ಪನ ನಾಟಕಕ್ಕೇ ಬಂದಂಗಾಯ್ತು, ಚಳಿ ಒಂದು ಜಾಸ್ತಿ.

ಅದಕ್ಕೇ ನಾನು ಹೇಳೋದು, ಇದು ಹಾಸನಕ್ಕೂ ಇಂಗ್ಲೆಂಡಿಗೂ ಇರೋ ವ್ಯತ್ಯಾಸ ಅಲ್ವೇ ಅಲ್ಲ. ನೂರು ಜನದ ಮಧ್ಯ ಕೂತು ಕೇಳಿದ ಕಥೆ ಊರಿಂದು, ಯಾರು ಎಲ್ಲಿ ತಿರುಗಿಸಿದ್ರೂ ನಂದೇನು ಹೋಯ್ತು ಅನ್ನಿಸುತ್ತೆ. ಹನ್ನೊಂದು ಹನ್ನೆರಡು ವಯಸ್ಸಲ್ಲಿ ಕಂಬಳಿ ಹೊದ್ಕೊಂಡು ಒಬ್ಬರೇ ಓದಿದ ಪುಸ್ತಕದಲ್ಲಿ ಅರ್ಧ ನಾವೇ ಕಟ್ಟಿರ್ತೀವಿ, ಆ ಸ್ಕೂಲಿನ ಮೆಟ್ಟಿಲು, ಆ ಮೇಷ್ಟ್ರ ದನಿ, ಕರ್ವಾಲೊ ಆದ್ರೆ ಆ ಕಿವಿ ಅನ್ನೋ ನಾಯಿಯ ಬೊಗಳು. ಅದನ್ನ ಇನ್ಯಾರೋ ಬಂದು ಒಡೆದು ತಮ್ಮಿಷ್ಟಕ್ಕೆ ಕಟ್ಟಿದ್ರೆ ಸಿಟ್ಟು ಬರ್ದೆ ಏನು ಬರುತ್ತೆ. ಅಮ್ಮ ಹ್ಯಾರಿ ಪಾಟರ್ ಓದಿಲ್ಲ, ಸಿಟ್ಟು ಬರಲ್ಲ. ಅಣ್ಣನ ಮಗಳು ಈಗ ಐದನೇ ಪುಸ್ತಕಕ್ಕೆ ಬಂದಿದಾಳೆ, ಅದು ಮುಗಿಯೋ ತನಕ ಸಿನಿಮಾ ಹಾಕಿದ್ರೆ ರೂಮಿಂದ ಎದ್ದು ಹೋಗ್ತೀನಿ ಚಿಕ್ಕಪ್ಪ ಅಂತ ವಾರ್ನಿಂಗ್ ಕೊಟ್ಟಿದಾಳೆ. ಒಂದೇ ಮನೆ, ಒಂದೇ ಸೋಫಾ.

ಅಷ್ಟಾದ್ರೂ ಓದಿದೋರು ಅತಿ ಮಾಡೋದು ಉಂಟು. ಈಗ ಅಮೆರಿಕದ ಟೀವಿ ಕಂಪನಿ ಎಚ್‌ಬಿಒದೋರು ಪುಸ್ತಕಕ್ಕೊಂದು ಸೀಸನ್ ಅಂತ ಹೊಸದಾಗಿ ಸೀರೀಸ್ ಮಾಡೋಕೆ ಹೊರಟಿದಾರಲ್ಲ, ಸ್ನೇಪ್ ಮೇಷ್ಟ್ರ ಪಾರ್ಟಿಗೆ ಪಾಪಾ ಎಸ್ಸಿಯೆಡು ಅನ್ನೋ ಕಪ್ಪು ಬಣ್ಣದ ನಟನ್ನ ಹಾಕಿದಾರೆ ಅಂತ 2025ರಲ್ಲಿ ಗೊತ್ತಾಗಿದ್ದೇ ತಡ, ಒಂದು ಸೀನೂ ನೋಡದೆ ಪುಸ್ತಕದಲ್ಲಿ ಮುಖ ಹಿಂಗಿತ್ತು ಮೂಗು ಹಂಗಿತ್ತು ಅಂತ ಶುರು ಮಾಡಿದ್ರು. ಇಲ್ಲಿ ನಾನು ಪೂರ್ತಿ ನಮ್ಮ ಸೊಸೈಟಿ ಸೆಕ್ರೆಟರಿ ಕೃಷ್ಣನ ಪಾರ್ಟಿ. ಮೊದ್ಲು ಹಾಡ್ಲಿ ಸ್ವಾಮಿ, ಆಮೇಲೆ ನೋಡಣ.

ಮತ್ತೆ ಪುಸ್ತಕದಲ್ಲಿ ಇಲ್ದಿದ್ದು ಬರ್ಲೇಬಾರ್ದು ಅನ್ನೋರೇ ಮೆಚ್ಚಿಕೊಂಡ ಒಂದು ಸೀನ್ ಇದೆ. ಏಳನೇ ಪುಸ್ತಕದಲ್ಲಿ ಆ ದೊಡ್ಡಮ್ಮ ಮನೆ ಬಿಟ್ಟು ಹೋಗುವಾಗ ಏನೋ ಹೇಳೋಕೆ ಬಂದಂಗೆ ಮಾಡಿ ಹೇಳ್ದೆ ಹೊರಟೋಗ್ತಾಳೆ. ಸಿನಿಮಾದೋರು ಅಲ್ಲಿ ಅವಳ ಬಾಯಿ ಬಿಡ್ಸಿದ್ರು, ಖಾಲಿ ಮನೇಲಿ ನಿಂತು, ಅವತ್ತು ನೀನು ಅಮ್ಮನ್ನ ಕಳ್ಕೊಂಡಿದ್ದಷ್ಟೇ ಅಲ್ಲ, ನಾನೂ ತಂಗೀನ ಕಳ್ಕೊಂಡೆ ಅಂತ ಹುಡುಗನಿಗೆ ಹೇಳ್ತಾಳೆ. ಶೂಟ್ ಮಾಡಿ, ಥಿಯೇಟರಿಗೆ ಕಳಿಸೋವಾಗ ತೆಗೆದ್ಬಿಟ್ರು. ಆಫೀಸಿನೋಳೇ ನಂಗೆ ತೋರ್ಸಿದ್ದು, ಪುಸ್ತಕದಲ್ಲಿಲ್ಲ ಆದ್ರೂ ಇರ್ಬೇಕಿತ್ತು ಅಂದ್ಲು. ಅಮ್ಮಂಗೆ ವಿಡಿಯೋ ಕಾಲಲ್ಲಿ ಲ್ಯಾಪ್‌ಟಾಪ್ ಮುಂದೆ ಫೋನ್ ಹಿಡ್ದು ತೋರ್ಸಿ ಆ ದೊಡ್ಡಮ್ಮ ಹೇಳಿದ್ದನ್ನ ಕನ್ನಡದಲ್ಲಿ ಹೇಳ್ದೆ. ಇನ್ನೊಂದ್ಸಲ ಹಾಕು ಅಂದ್ರು, ಹಾಕಿದೆ. "ಅಷ್ಟೊತ್ತು ಕಡ್ಡಿ ಹಿಡ್ಕೊಂಡು ಕಿಡಿ ಹಾರ್ಸೋಕೆ ಟೈಮಿತ್ತು, ಇವಳಿಗೆ ಒಂದು ನಿಮಿಷ ಕೊಡೋಕೆ ಆಗ್ಲಿಲ್ವಾ ಅವ್ರಿಗೆ" ಅಂತ ನನ್ನನ್ನೇ ಬೈದ್ರು.